ರೊಟ್ಟಿಯ ರೊಕ್ಕ ಯಾರ ಮನೆಗೆ?

(ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸಮಾವೇಶದಲ್ಲಿ ‘ಸಣ್ಣ ಉದ್ದಿಮೆ ಮತ್ತು ಊರಿನ ಅಭಿವೃದ್ಧಿ’ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಬರಹ ರೂಪ)



ಊರಿನ ಅಭಿವೃದ್ಧಿಯ ಬಗ್ಗೆ ಮಾತನಾಡಲು ಬ್ಯಾಂಕಿನ ಸಾಹೇಬರೋ ಕಾಲೇಜಿನ ಮಾಸ್ತರರೋ ಬರುವುದು ವಾಡಿಕೆ. ನಾನು ಓದಿದ್ದು ಏಳನೆಯ ಇಯತ್ತೆ. ನನ್ನ ಕಸುಬು ರೊಟ್ಟಿ ಬಡಿಯುವುದು. ಡೋಣಿ ಹೊಳೆಯ ದಂಡೆಯ ಹಳ್ಳಿ ನಮ್ಮದು. ‘ಡೋಣಿ ಬೆಳೆದರ ಓಣಿಯೆಲ್ಲಾ ಕಾಳು’ ಎಂದು ನಮ್ಮ ಕಡೆ ಗಾದೆ ಇದೆ. ಓಣಿಯಲ್ಲಿ ಕಾಳು ಬಿದ್ದಿರುತ್ತಿತ್ತು, ನಿಜ. ಆದರೆ ಅದೇ ಓಣಿಯ ಹೆಣ್ಣುಮಕ್ಕಳ ಕೈಯಲ್ಲಿ ಎಣ್ಣೆ ತರಲು ರೊಕ್ಕ ಇರುತ್ತಿರಲಿಲ್ಲ. ಹೀಗಾಗಿ ಅಭಿವೃದ್ಧಿ ಎಂದರೆ ಏನು ಎಂದು ನನಗೆ ಗೊತ್ತಿರುವಷ್ಟನ್ನು ರೊಟ್ಟಿಯ ಲೆಕ್ಕದಲ್ಲಿಯೇ ಹೇಳುತ್ತೇನೆ. ಕೊನೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಅದನ್ನು ಮುಚ್ಚಿಟ್ಟು ಹೋದರೆ ಇಲ್ಲಿಯವರೆಗೆ ಬಂದದ್ದೇ ವ್ಯರ್ಥ.

ನಮ್ಮ ಸಂಘ ಶುರುವಾದದ್ದು 2004ರಲ್ಲಿ. ಹದಿನಾಲ್ಕು ಜನ, ವಾರಕ್ಕೆ ಹತ್ತು ರೂಪಾಯಿ ಉಳಿತಾಯ. ಆಗ ನಮಗೆ ಸಂಘವೆಂದರೆ ಕಷ್ಟಕಾಲದ ಡಬ್ಬಿ. ಮಗುವಿಗೆ ಜ್ವರ ಬಂದರೆ ಐನೂರು, ಬಿತ್ತನೆಗೆ ಸಾವಿರ. 2011ರಲ್ಲಿ ಐದು ಜನ ಸೇರಿ ಒಂದು ಕೋಣೆ ಬಾಡಿಗೆ ಹಿಡಿದು ಖಡಕ್ ರೊಟ್ಟಿ ಮಾಡತೊಡಗಿದೆವು. ಮೊದಲು ಮದುವೆ ಮನೆಗಳಿಗೆ ಕೊಟ್ಟೆವು. ಆಮೇಲೆ ವಿಜಯಪುರದ ಖಾನಾವಳಿಗಳಿಗೆ, ಬಸ್ ಸ್ಟ್ಯಾಂಡಿನ ಅಂಗಡಿಗಳಿಗೆ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. 2015ರ ಹೊತ್ತಿಗೆ ಒಂಬತ್ತು ಜನರಿಗೆ ದಿನವೂ ಕೆಲಸ ಇತ್ತು.

ಇದಕ್ಕೆ ಮುಂಚೆಯೂ ನಮ್ಮ ಊರಿನ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಪಟ್ಟಣದ ವ್ಯಾಪಾರಿ ಹಿಟ್ಟು ಕಳಿಸುತ್ತಿದ್ದ, ಎಣಿಕೆಗೆ ಇಷ್ಟು ಎಂದು ಕೊಡುತ್ತಿದ್ದ. ಬಡಿಯುವ ಕೈ ನಮ್ಮದು, ದರ ಹೇಳುವ ಬಾಯಿ ಅವನದು. ಮುರಿದ ರೊಟ್ಟಿಗೆ ಕೂಲಿ ಇಲ್ಲ. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ನಮ್ಮ ಅಕ್ಕ ತಂಗಿಯರಿಗೂ ಇದೇ ಪಾಡು. ಮನೆಯಲ್ಲೇ ಕೂತು ದುಡಿಯುವುದರಿಂದ ಅವಳನ್ನು ದುಡಿಮೆಗಾರ್ತಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಡನೂ ಹಿಡಿಯುವುದಿಲ್ಲ, ಸರಕಾರದ ಕಾಗದವೂ ಹಿಡಿಯುವುದಿಲ್ಲ.

ಈಗ ನೂರು ರೂಪಾಯಿಯ ಲೆಕ್ಕ ನೋಡಿರಿ. ನಾವು ನೂರು ರೂಪಾಯಿಯ ರೊಟ್ಟಿ ಮಾರಿದರೆ ನಮ್ಮ ಪುಸ್ತಕದ ಪ್ರಕಾರ ಸುಮಾರು 45 ರೂಪಾಯಿ ಜೋಳಕ್ಕೆ ಹೋಗುತ್ತದೆ, 5 ಗಿರಣಿಗೆ, 8 ಗ್ಯಾಸು ಮತ್ತು ಕಟ್ಟಿಗೆಗೆ, 7 ಚೀಲ ಮತ್ತು ಸಾಗಾಣಿಕೆಗೆ. 25 ರೂಪಾಯಿ ನಮ್ಮ ಕೂಲಿ. ಉಳಿದ 10 ರೂಪಾಯಿ ಸಂಘಕ್ಕೆ. ಊರಿಂದ ಊರಿಗೆ ಈ ಲೆಕ್ಕ ಬೇರೆಯಾಗಬಹುದು, ದರ ಏರಿಳಿಯಬಹುದು. ಆದರೆ ಒಂದು ಮಾತನ್ನು ಗಮನಿಸಿರಿ. ಆ ನೂರು ರೂಪಾಯಿ ಬಂದದ್ದು ಪಟ್ಟಣದಿಂದ. ಅದರಲ್ಲಿ ಜೋಳದ ಹಣ ನಮ್ಮ ಊರಿನ ರೈತನಿಗೆ, ಗಿರಣಿಯದು ನಮ್ಮ ಊರಿನ ಗಿರಣಿಯವನಿಗೆ, ಕೂಲಿ ಮತ್ತು ಉಳಿಕೆ ನಮಗೆ. ಹೆಚ್ಚೂ ಕಡಿಮೆ 85 ರೂಪಾಯಿ ಊರಲ್ಲೇ ನಿಂತಿತು.

ನಿಂತ ಹಣ ಸುಮ್ಮನೆ ಕೂಡುವುದಿಲ್ಲ. ನನ್ನ ಕೂಲಿಯಿಂದ ನಾನು ಎಮ್ಮೆ ಕಟ್ಟಿದವಳ ಹತ್ತಿರ ಹಾಲು ಕೊಳ್ಳುತ್ತೇನೆ. ಅವಳು ಆ ಹಣದಿಂದ ಮಗಳ ಜಂಪರ್ ಹೊಲಿಸುತ್ತಾಳೆ. ಹೊಲಿಯುವವಳು ಸಂತೆಯಲ್ಲಿ ಬದನೆಕಾಯಿ ಕೊಳ್ಳುತ್ತಾಳೆ. ಬದನೆಕಾಯಿ ಮಾರಿದವಳು ಹಬ್ಬಕ್ಕೆ ನಮ್ಮ ಹತ್ತಿರವೇ ಚಟ್ನಿ ಒಯ್ಯುತ್ತಾಳೆ. ಒಂದೇ ನೋಟು ನಾಲ್ಕು ಮನೆಯ ಒಲೆ ಹಚ್ಚುತ್ತದೆ. ದೊಡ್ಡ ಕಂಪನಿಯ ಬಿಸ್ಕೀಟು ಪೊಟ್ಟಣ ಕೊಂಡರೆ ಅಂಗಡಿಯವನ ಲಾಭ ಒಂದೆರಡು ರೂಪಾಯಿ ಬಿಟ್ಟು ಉಳಿದದ್ದು ಆ ದಿನವೇ ಊರು ಬಿಟ್ಟು ಹೋಗುತ್ತದೆ. ಸಣ್ಣ ಉದ್ದಿಮೆ ಊರಿಗೆ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಇಷ್ಟು ಹೇಳಿದರೆ ಸಾಕು. ಅದು ಹಣವನ್ನು ಊರೊಳಗೆ ತಿರುಗಿಸುತ್ತದೆ, ತಿರುಗಿದಷ್ಟು ಸಲ ಒಬ್ಬರಿಗೆ ಕೆಲಸ ಕೊಡುತ್ತದೆ.

ಇದು ನಾವೇ ಕಂಡುಹಿಡಿದದ್ದಲ್ಲ. ಮುಂಬಯಿಯ ಗಿರಗಾಂವದಲ್ಲಿ 1959ರಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್ ಪಾಪಡ್ ಆಯಿತು. ಅಲ್ಲಿ ಹಪ್ಪಳ ಮಾಡುವವಳು ಕೂಲಿಯಾಳಲ್ಲ, ಪಾಲುದಾರಳು. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ‘ಸೇವಾ’ ಕಟ್ಟಿದರು. ಬೀದಿಯಲ್ಲಿ ಮಾರುವವರು, ತಲೆಹೊರೆ ಹೊರುವವರು, ಇಂಥ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ 1974ರಲ್ಲಿ ತಮ್ಮದೇ ಬ್ಯಾಂಕು ತೆರೆದರು. ನಮ್ಮ ಕರ್ನಾಟಕದಲ್ಲಿ 1980ರ ದಶಕದಲ್ಲಿಯೇ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಸಣ್ಣ ಸಣ್ಣ ಗುಂಪುಗಳನ್ನು ಬೆಳೆಸಿತ್ತು. ಅಂಥ ಅನುಭವದ ಮೇಲೆಯೇ 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ನಾವು ಇಂದು ಕೂತಿರುವ ಜಮಖಾನೆಯನ್ನು ನಮಗಿಂತ ಮೊದಲು ಬಂದ ಹೆಣ್ಣುಮಕ್ಕಳು ಹಾಸಿದ್ದಾರೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಕಸುಬಿನ ಗುಟ್ಟು ಇರುವುದು ಜೋಳ ಕೊಳ್ಳುವ ಹೊತ್ತಿನಲ್ಲಿ. ಹಿಂಗಾರಿ ಬಿಳಿಜೋಳದ ರಾಶಿ ಆಗುವುದು ಶಿವರಾತ್ರಿಯ ಆಸುಪಾಸು. ಆಗ ದರ ಇಳಿದಿರುತ್ತದೆ. ಆಗಲೇ ವರ್ಷಕ್ಕಾಗುವಷ್ಟು ಕೊಂಡು ಚೀಲ ತುಂಬಿಟ್ಟರೆ ಮಳೆಗಾಲದಲ್ಲಿ ನಮ್ಮ ಒಲೆ ಆರುವುದಿಲ್ಲ. ಅದಕ್ಕಾಗಿ 2016ರಲ್ಲಿ ಸಂಘ ಬ್ಯಾಂಕಿನಿಂದ ಮೂರು ಲಕ್ಷ ಸಾಲ ತೆಗೆಯಿತು. ನಾನು ಆಗ ಸಂಘದ ಪ್ರತಿನಿಧಿ. ಜೋಳ ಕೊಳ್ಳುವುದು ನನ್ನ ಪಾಲಿನ ಕೆಲಸ.

ಅದೇ ವರ್ಷ ನನ್ನ ಹಿರಿಮಗಳಿಗೆ ನೆಂಟಸ್ತನ ಕೂಡಿಬಂತು. ಒಳ್ಳೆಯ ಮನೆತನ ಎಂದರು. ‘ನಾವು ಹುಂಡಾ ಕೇಳೂದಿಲ್ರೀ, ನೀವು ನಿಮ್ಮ ಮಗಳಿಗೆ ಏನ್ ಕೊಡ್ತೀರೋ ಕೊಡ್ರಿ’ ಎಂದರು. ಆಮೇಲೆ ಒಂದೊಂದಾಗಿ ಬಂತು. ಎರಡು ತೊಲಿ ಬಂಗಾರ, ವರೋಪಚಾರ ಎಂದು ಒಂದು ಲಕ್ಷ, ಬೈಕು. ನಮ್ಮ ಮನೆಯವರು ‘ಇಷ್ಟು ಆಗೂದಿಲ್ಲ’ ಎಂದಾಗ ಆ ಕಡೆಯ ಹಿರಿಯರೊಬ್ಬರು ನನ್ನನ್ನು ನೋಡಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಯಾಕ್ರೀ ತಂಗಿ, ರೊಟ್ಟಿ ಮಾರಿ ರೊಕ್ಕ ಗಳಿಸ್ತೀರಂತ, ಊರಾಗೆಲ್ಲಾ ನಿಮ್ಮದೇ ಸುದ್ದಿ. ಮಗಳಿಗೆ ಇಷ್ಟು ಕೊಡಾಕ ಆಗೂದಿಲ್ಲೇನು?’

ನೋಡಿದಿರಾ? ನನ್ನ ದುಡಿಮೆಯೇ ನನ್ನ ಮಗಳ ದರ ಏರಿಸಿತು. ಹೆಣ್ಣು ದುಡಿದರೆ ವರದಕ್ಷಿಣೆ ತಾನೇ ನಿಲ್ಲುತ್ತದೆ ಎಂದು ಭಾಷಣಗಳಲ್ಲಿ ಕೇಳಿದ್ದೆ. ನನ್ನ ಮನೆಯ ಪಡಸಾಲೆಯಲ್ಲಿ ಆದದ್ದು ಬೇರೆ. ಆ ದಿನ ನಾನು ಎದ್ದು ನಿಂತು ‘ಈ ನೆಂಟಸ್ತನ ನಮಗೆ ಬೇಡ’ ಎನ್ನಬೇಕಾಗಿತ್ತು. ಅನ್ನಲಿಲ್ಲ. ಊರಿನ ಬಾಯಿಗೆ ಹೆದರಿದೆ. ನನಗೆ ಹೆಮ್ಮೆಯೂ ಇತ್ತು, ಅದನ್ನೂ ಹೇಳಬೇಕು. ರೊಟ್ಟಿ ಮಾರಿದವಳು ಮಗಳ ಮದುವೆ ಹೇಗೆ ಮಾಡಿದಳು ನೋಡಿರಿ ಎಂದು ಜನ ಆಡಿಕೊಳ್ಳಲಿ ಎಂಬ ಆಸೆ.

ಬಂಗಾರಕ್ಕೆ, ರೊಕ್ಕಕ್ಕೆ ಇದ್ದ ಎರಡು ಎಕರೆ ಹೊಲವನ್ನು ಲಾವಣಿಗೆ ಹಾಕಿದೆವು. ಬೈಕಿಗೆ ಮತ್ತು ಮಂಟಪದ ಖರ್ಚಿಗೆ ಸಂಘದ ಜೋಳದ ಹಣದಿಂದ 80 ಸಾವಿರ ತೆಗೆದೆ. ಸಂಘದವರಿಗೆ ‘ರೈತನಿಗೆ ಮುಂಗಡ ಕೊಟ್ಟೀನಿ, ಮಾಲು ಆಮೇಲೆ ಬರ್ತದ’ ಎಂದು ಸುಳ್ಳು ಹೇಳಿದೆ.

ಆ 80 ಸಾವಿರಕ್ಕೆ ಅಂದಿನ ದರದಲ್ಲಿ ಸುಮಾರು 35 ಕ್ವಿಂಟಲ್ ಜೋಳ ಬರುತ್ತಿತ್ತು. ಕಿಲೋಗೆ 15 ರೊಟ್ಟಿ ಹಿಡಿದರೂ 52,500 ರೊಟ್ಟಿ. ನಾಲ್ಕು ರೂಪಾಯಿಗೆ ಒಂದರಂತೆ ಮಾರಿದರೆ ಎರಡು ಲಕ್ಷ ಹತ್ತು ಸಾವಿರದ ವ್ಯಾಪಾರ. ಅದರ ಕಾಲು ಭಾಗ, ಅಂದರೆ 52,500 ರೂಪಾಯಿ, ನಮ್ಮ ಹೆಂಗಸರ ಕೂಲಿ. ಮದುವೆಯ ಮರುದಿನ ಆ ಬೈಕು ನಮ್ಮ ಅಂಗಳದಿಂದ ಹೊರಟಾಗ ಅದರ ಹಿಂದೆ ನನ್ನ ಮಗಳೊಬ್ಬಳೇ ಕೂತಿದ್ದಳು ಎಂದು ಎಲ್ಲರೂ ತಿಳಿದರು. ಒಂಬತ್ತು ಜನರ ಮಳೆಗಾಲದ ಕೂಲಿಯೂ ಅದರ ಮೇಲೆ ಕೂತು ಹೋಯಿತು.

ಆಷಾಢದಲ್ಲಿ ಜೋಳ ತೀರಿತು. ನಮ್ಮ ಒಬ್ಬ ಸದಸ್ಯೆ ‘ಮುಂಗಡ ಕೊಟ್ಟ’ ರೈತನ ಮನೆಗೆ ಹೋಗಿ ಕೇಳಿಬಂದಳು. ಅಲ್ಲಿಗೆ ನನ್ನ ಸುಳ್ಳು ಬಯಲಾಯಿತು. ಬಾಯಿಗೆ ಬಂದ ದರಕ್ಕೆ ಪೇಟೆಯಲ್ಲಿ ಜೋಳ ಕೊಂಡು ಕೆಲಸ ನಡೆಸಿದರೆ ರೊಟ್ಟಿ ಮಾರಿದಷ್ಟೂ ನಷ್ಟ. ನಾಲ್ಕು ಜನರನ್ನು ಕೆಲಸದಿಂದ ಬಿಡಿಸಬೇಕಾಯಿತು. ಅದೇ ನವೆಂಬರಿನಲ್ಲಿ ನೋಟು ರದ್ದಾಗಿ ಖಾನಾವಳಿಗಳ ಬಾಕಿಯೂ ನಿಂತಿತು. ಬಿಟ್ಟ ನಾಲ್ವರಲ್ಲಿ ಒಬ್ಬಳು ಗಂಡ ತೀರಿದವಳು. ಅವಳು ಮಕ್ಕಳನ್ನು ತವರಿನಲ್ಲಿ ಬಿಟ್ಟು ದುಡಿಯಲು ಗೋವಾಕ್ಕೆ ಹೋದಳು. ಹೋಗುವಾಗ ನನ್ನ ಮನೆಯ ಮುಂದೆ ಹಾದು ಹೋದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಘ ನನ್ನನ್ನು ಪ್ರತಿನಿಧಿ ಸ್ಥಾನದಿಂದ ತೆಗೆಯಿತು, ಸಂಘದಿಂದ ಹೊರಗೆ ಹಾಕಲಿಲ್ಲ. ‘ನೀ ದುಡಿದೇ ತೀರಿಸು’ ಎಂದರು. ಮೂರು ವರ್ಷ ಕೂಲಿ ಮುರಿಸಿ ತೀರಿಸಿದೆ.

ಗೆಳತಿಯರೇ, ವರದಕ್ಷಿಣೆಯನ್ನು ನಾವು ಮನೆಯ ದುಃಖ ಎಂದೇ ಮಾತನಾಡುತ್ತೇವೆ. ಅದು ಊರಿನ ಉದ್ದಿಮೆಗೆ ಬೀಳುವ ಕನ್ನವೂ ಹೌದು. ಈ ದೇಶಕ್ಕೆ ಬೇಕಾದ ಬಂಗಾರದ ಬಹುಪಾಲು ಹೊರದೇಶದಿಂದ ಬರುತ್ತದೆ. ಬೈಕು ಎಲ್ಲೋ ದೂರದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ರೊಟ್ಟಿಯ ನೂರು ರೂಪಾಯಿಯಲ್ಲಿ 85 ಊರಲ್ಲಿ ನಿಂತರೆ, ವರದಕ್ಷಿಣೆಯ ನೂರರಲ್ಲಿ ನಿಲ್ಲುವುದು ವಾದ್ಯದವರ, ಅಡಿಗೆಯವರ ಕೂಲಿ ಅಷ್ಟೇ. ನಾವು ಹತ್ತು ರೂಪಾಯಿ ಹತ್ತು ರೂಪಾಯಿ ಕೂಡಿಸಿ, ಬ್ಯಾಂಕಿನ ಮುಂದೆ ಕೂತು ತಂದ ಬಂಡವಾಳ ಒಂದೇ ಲಗ್ನದಲ್ಲಿ ಊರು ಬಿಡುತ್ತದೆ. ಸಾಲ ಮಾತ್ರ ನಮ್ಮ ಹೆಸರಿನಲ್ಲಿ ಊರಲ್ಲೇ ಉಳಿಯುತ್ತದೆ.

ಕೊಟ್ಟದ್ದರಿಂದ ಮಗಳಿಗೆ ಸುಖ ಸಿಕ್ಕಿತೇ? 2018ರ ದೀಪಾವಳಿಗೆ ಬಂದವಳು ಹೋಗುವ ದಿನ ಬಟ್ಟೆಗಂಟು ಕಟ್ಟಲಿಲ್ಲ. ‘ಯವ್ವಾ, ನಾ ಹೋಗಂಗಿಲ್ಲ’ ಎಂದಳು. ಕುಪ್ಪಸದ ತೋಳು ಸರಿಸಿದರೆ ಬಾಸುಂಡೆ. ಅಳಿಯನಿಗೆ ಮೊಬೈಲ್ ಅಂಗಡಿ ಹಾಕಬೇಕಾಗಿತ್ತಂತೆ. ಎರಡು ಲಕ್ಷ ತಾ ಎಂದು ಆರು ತಿಂಗಳಿಂದ ಹೊಡೆತ. ನಾವು ಕೇಳಲು ಹೋದಾಗ ಅವರ ಮನೆಯವರು ಹೇಳಿದ್ದು: ‘ಇದು ಹುಂಡಾ ಅಲ್ರೀ, ವ್ಯಾಪಾರಕ್ಕೆ ಬಂಡವಾಳ. ನಿಮ್ಮ ಮಗಳೇ ಗಲ್ಲಾ ಮ್ಯಾಲೆ ಕೂಡ್ತಾಳ.’

ಈ ಮಾತಿಗೆ ಮೋಸ ಹೋಗಬೇಡಿರಿ. ಇದೂ ಸಣ್ಣ ಉದ್ದಿಮೆಯ ಹೆಸರಿನಲ್ಲಿಯೇ ಬರುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಮದುವೆಗೆ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ ಎಂದಾದರೂ ಮದುವೆಯ ಸಂಬಂಧದಲ್ಲಿ ಕೊಟ್ಟದ್ದು, ಕೇಳಿದ್ದು ವರದಕ್ಷಿಣೆಯೇ. 2022ರಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಮನೆ ಕಟ್ಟಲು ಸೊಸೆಯ ತವರಿನಿಂದ ಹಣ ಕೇಳುವುದೂ ವರದಕ್ಷಿಣೆಯೇ ಎಂದು ಸ್ಪಷ್ಟವಾಗಿ ಹೇಳಿದೆ. ಮನೆಗೆ ಎಂದು ಕೇಳಲಿ, ಅಂಗಡಿಗೆ ಎಂದು ಕೇಳಲಿ, ಹೊಡೆದು ಕೇಳುವ ಬಂಡವಾಳ ಬಂಡವಾಳವಲ್ಲ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ 498-ಎ ಕಲಮು 1983ರಲ್ಲಿ ಬಂದದ್ದು ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡಿದ್ದರಿಂದ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಅದೇ ಅಪರಾಧ 85 ಮತ್ತು 86ನೆಯ ಕಲಮುಗಳಲ್ಲಿದೆ, ವರದಕ್ಷಿಣೆ ಸಾವು 80ನೆಯ ಕಲಮಿನಲ್ಲಿದೆ. ನಂಬರು ಬದಲಾಗಿದೆ, ಕಾನೂನು ಹೋಗಿಲ್ಲ. ‘498 ಈಗ ಇಲ್ಲ’ ಎಂದು ಯಾರಾದರೂ ಹೆದರಿಸಿದರೆ ಇದನ್ನು ನೆನಪಿಡಿರಿ. ‘ಕೊಟ್ಟ ನೀವೂ ಜೈಲಿಗೆ ಹೋಗ್ತೀರಿ’ ಎಂದೂ ಹೆದರಿಸುತ್ತಾರೆ. ಕೊಡುವುದು ಅಪರಾಧವೇ ಹೌದು. ಆದರೆ ನೊಂದವರು ಕೊಟ್ಟ ಹೇಳಿಕೆಯ ಮೇಲೆಯೇ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯಿದೆಯ 7ನೆಯ ಕಲಮು ಹೇಳುತ್ತದೆ.

ನಾನು ಮೋಸ ಮಾಡಿದ್ದ ಅದೇ ಸಂಘದ ಹೆಂಗಸರು ಟೆಂಪೋ ಮಾಡಿಕೊಂಡು ನನ್ನ ಮಗಳ ಬೆನ್ನಿಗೆ ಬಂದರು. ಮೊದಲು ಸಾಂತ್ವನ ಕೇಂದ್ರಕ್ಕೆ ಹೋದೆವು. ಆಮೇಲೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಸಂರಕ್ಷಣಾಧಿಕಾರಿಗಳಿಗೆ ಅರ್ಜಿ ಕೊಟ್ಟೆವು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕೆಲಸ ನೋಡುತ್ತಾರೆ. ಈ ಕಾಯಿದೆಯಲ್ಲಿ ಹೊಡೆತ ಬೈಗುಳವಷ್ಟೇ ದೌರ್ಜನ್ಯವಲ್ಲ. ಹೆಣ್ಣಿನ ಹಣ ಕಸಿಯುವುದು, ಅವಳ ಸ್ತ್ರೀಧನ ಮಾರುವುದು, ಮನೆಖರ್ಚಿಗೆ ಕೊಡದಿರುವುದು, ಇವೆಲ್ಲ ಆರ್ಥಿಕ ದೌರ್ಜನ್ಯ. ಅವಳು ಕೆಲಸ ಮಾಡುವ ಜಾಗಕ್ಕೆ ಗಂಡ ಬರದಂತೆಯೂ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅರ್ಜಿಯನ್ನು 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯಿದೆಯಲ್ಲಿದೆ. ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಪ್ರತಿ ತಾರೀಖಿಗೂ ಸಂಘದ ಇಬ್ಬರು ಸರತಿಯಂತೆ ಮಗಳ ಜೊತೆ ಹೋಗುತ್ತಿದ್ದರು, ಆ ದಿನದ ಅವರ ರೊಟ್ಟಿಯನ್ನು ಉಳಿದವರು ಬಡಿಯುತ್ತಿದ್ದರು.

ಎರಡು ತೊಲಿ ಬಂಗಾರ ವಾಪಸು ಬಂತು. ಬೈಕು ಬರಲಿಲ್ಲ. ರೊಕ್ಕವೂ ಬರಲಿಲ್ಲ. ಮಗಳು ಆ ಬಂಗಾರ ಮಾರಿ ಹಿಟ್ಟು ನಾದುವ ಯಂತ್ರ ಕೊಂಡಳು. ‘ಮಾರಬ್ಯಾಡ, ಮುಂದ ಮತ್ತೊಂದು ಮದುವಿ ಆದರ ಬೇಕಾಗ್ತದ’ ಎಂದೆ ನಾನು, ಅಷ್ಟೆಲ್ಲಾ ಆದ ಮೇಲೂ. ಅವಳು ‘ಯವ್ವಾ, ಬಂಗಾರ ನನ್ನ ಕೊರಳಾಗ ಇದ್ದಾಗ ಹೊಡೆತ ನಿಂತಿತ್ತೇನು?’ ಎಂದಳು. ಯಂತ್ರದ ಬಿಲ್ಲು ಅವಳ ಹೆಸರಿನಲ್ಲಿದೆ. ಅವಳು ಅದನ್ನು ಸಂಘಕ್ಕೆ ಬಾಡಿಗೆಗೆ ಕೊಟ್ಟಿದ್ದಾಳೆ.

ಇಲ್ಲಿ ಎರಡು ಅಧ್ಯಯನಗಳ ಮಾತು ಹೇಳಬೇಕು. ನಮ್ಮ ತರಬೇತಿಯಲ್ಲಿ ಓದಿ ಹೇಳಿದ್ದು. ಬೆಂಗಳೂರಿನ ಕೊಳೆಗೇರಿಗಳಲ್ಲಿ 16ರಿಂದ 25 ವರ್ಷದ 744 ವಿವಾಹಿತ ಯುವತಿಯರನ್ನು ಮಾತನಾಡಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಜನ ಗಂಡನಿಂದ ಪೆಟ್ಟು ತಿಂದಿದ್ದರು. ಸಂಘಕ್ಕೆ, ಕಸುಬಿನ ತರಬೇತಿಗೆ ಹೋಗುತ್ತಿದ್ದವರಲ್ಲಿ ಪೆಟ್ಟು ತಿಂದವರು ಇನ್ನೂ ಹೆಚ್ಚು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರವಾಲ್ ಅವರು ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮಾತು ಹೇಳುತ್ತದೆ. ತನ್ನ ಹೆಸರಿನಲ್ಲಿ ಏನೂ ಆಸ್ತಿ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಜನ ಪೆಟ್ಟು ತಿಂದಿದ್ದರೆ, ಹೊಲ ಮನೆ ಎರಡೂ ತನ್ನ ಹೆಸರಿನಲ್ಲಿ ಇದ್ದವರಲ್ಲಿ ನೂರಕ್ಕೆ 7 ಜನ.

ಇವೆರಡನ್ನೂ ಕೂಡಿಸಿ ನೋಡಿರಿ. ನಮ್ಮ ಅನುಭವವೂ ಅದೇ. ರೊಟ್ಟಿಯ ಕೂಲಿ ತಂದು ಗಂಡನ ಕೈಗಿಟ್ಟರೆ ಹೊಡೆತ ನಿಲ್ಲುವುದಿಲ್ಲ. ಇಡದಿದ್ದರೆ ಹೊಡೆತ ಹೆಚ್ಚಬಹುದು. ನಮ್ಮ ಸದಸ್ಯೆಯೊಬ್ಬಳ ಗಂಡ ಕುಡಿಯಲು ರೊಕ್ಕ ಕೊಡಲಿಲ್ಲವೆಂದು ಅವಳ ಹಂಚು ಒಡೆದು ಹಾಕಿದ್ದ. ದುಡಿಮೆ ಒಂದೇ ಸಾಲದು. ದುಡಿದದ್ದು ತನ್ನ ಹೆಸರಿನಲ್ಲಿ ನಿಲ್ಲಬೇಕು, ಇರಲು ಒಂದು ಸೂರು ಬೇಕು, ಕರೆದರೆ ಬರುವ ಹತ್ತು ಜನ ಬೇಕು. ಆ ಹಂಚು ಒಡೆದ ದಿನ ನಾವು ಹನ್ನೊಂದು ಜನ ಅವನ ಕಟ್ಟೆಯ ಮೇಲೆ ಹೋಗಿ ಕೂತೆವು. ಬೈಯಲಿಲ್ಲ. ಹೊಸ ಹಂಚು ತರುವವರೆಗೆ ಏಳಲಿಲ್ಲ.

ಇನ್ನೊಂದು ಸಂಗತಿ. ನನ್ನ ಪ್ರಕರಣದ ನಂತರ ಸಂಘದಲ್ಲಿ ಠರಾವು ಮಾಡಿದೆವು: ವರದಕ್ಷಿಣೆಗೆ ಸಾಲ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. 2024ರಲ್ಲಿ ಒಬ್ಬ ಸದಸ್ಯೆ ಮಗಳ ಮದುವೆಗೆ ಒಂದು ಲಕ್ಷ ಕೇಳಿದಳು. ಠರಾವು ತೋರಿಸಿ ಇಲ್ಲ ಎಂದೆವು. ಅವಳು ಸುಮ್ಮನೆ ಎದ್ದು ಹೋಗಿ ಮೂರು ಮೈಕ್ರೋಫೈನಾನ್ಸ್ ಕಡೆಯಿಂದ ಸಾಲ ತಂದು ಕೊಟ್ಟು ಮದುವೆ ಮಾಡಿದಳು. ಈಗ ವಾರ ಬಂತೆಂದರೆ ಮನೆಬಾಗಿಲಿಗೆ ವಸೂಲಿಯವರು. ಸಾಲ ವಸೂಲಿಯ ಕಿರುಕುಳದ ವಿರುದ್ಧ ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ, ಹೌದು. ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು. ಆದರೆ ಸಾಲ ಸಾಲವೇ. ನಾವು ಠರಾವು ಉಳಿಸಿಕೊಂಡೆವು, ಅವಳನ್ನು ಉಳಿಸಿಕೊಳ್ಳಲಿಲ್ಲ. ‘ಇಲ್ಲ’ ಎಂದವರು ಅವಳ ಜೊತೆ ಬೀಗರ ಮನೆಗೆ ಹೋಗಿ ‘ಕೊಡುವುದಿಲ್ಲ’ ಎನ್ನಲೂ ಬೇಕಾಗಿತ್ತು. ನಮಗೆ ಮಾಡಿದ್ದನ್ನು ನಾವು ಅವಳಿಗೆ ಮಾಡಲಿಲ್ಲ.

ಅದಕ್ಕೇ ಈಗ ನಮ್ಮ ಸಂಘದಲ್ಲಿ ಕೆಲವು ಪದ್ಧತಿಗಳನ್ನು ಹಿಡಿದಿದ್ದೇವೆ. ನಿಮ್ಮ ಸಂಘಗಳಲ್ಲಿಯೂ ಚರ್ಚೆ ಮಾಡಿರಿ.

ಒಂದು: ಕೂಲಿ ಸದಸ್ಯೆಯ ಸ್ವಂತ ಖಾತೆಗೇ ಹೋಗಬೇಕು. ಪಾಸ್‌ಬುಕ್ಕು, ಎಟಿಎಂ ಕಾರ್ಡು ಅವಳ ಹತ್ತಿರವೇ ಇರಬೇಕು. ಬೇಕಾದರೆ ಸಂಘದ ಪೆಟ್ಟಿಗೆಯಲ್ಲಿ ಇಡಲಿ.

ಎರಡು: ಯಂತ್ರ, ಒಲೆ, ಹೊಲಿಗೆ ಮಿಷನ್, ಎಮ್ಮೆ, ಏನೇ ಕೊಂಡರೂ ಬಿಲ್ಲು ಅವಳ ಹೆಸರಿನಲ್ಲಿ. ಬಿಲ್ಲಿನ ಒಂದು ಪ್ರತಿ ಸಂಘದಲ್ಲಿ. ಮದುವೆಯಲ್ಲಿ ಮಗಳಿಗೆ ಅಂತಲೇ ಪ್ರೀತಿಯಿಂದ ಕೊಟ್ಟ ಸಾಮಾನಿನ ಪಟ್ಟಿಯನ್ನೂ ಬರೆದಿಡಿರಿ. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟು 1985ರಲ್ಲಿಯೇ ಹೇಳಿದೆ. ಆದರೆ ಪಟ್ಟಿ ಇಲ್ಲದಿದ್ದರೆ ಕೇಳುವುದು ಕಷ್ಟ.

ಮೂರು: ಬಂಡವಾಳದ ಸಾಲ ಯಾವ ಕೆಲಸಕ್ಕೆ ತೆಗೆದದ್ದೋ ಅದಕ್ಕೇ. ಇಬ್ಬರು ಹೋಗಿ ಕೊಳ್ಳಬೇಕು, ಮಾಲು ಕೋಣೆಗೆ ಬಂದದ್ದನ್ನು ಎಲ್ಲರೂ ನೋಡಬೇಕು. ಪ್ರತಿನಿಧಿ ಎಷ್ಟೇ ನಂಬಿಗಸ್ತಳಾಗಿರಲಿ, ಲೆಕ್ಕ ಕೇಳಿರಿ. ಲೆಕ್ಕ ಕೇಳುವುದು ಅವಮಾನವಲ್ಲ. ನನ್ನನ್ನು ಅಂದು ಯಾರಾದರೂ ಕೇಳಿದ್ದರೆ ನಾನೂ ಉಳಿಯುತ್ತಿದ್ದೆ.

ನಾಲ್ಕು: ಯಾರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಇದೆಯೋ ಅವರ ಮನೆಗೆ ಸಂಘದ ಮೂವರು ಹೋಗುತ್ತೇವೆ. ಚಹಾ ಕುಡಿಯಲು ಅಲ್ಲ, ಮಾತುಕತೆಯಲ್ಲಿ ಕೂಡಲು. ಸರಳ ಮದುವೆಗೆ ಒಪ್ಪಿದವರಿಗೆ ಊಟದ ರೊಟ್ಟಿ, ಚಟ್ನಿ ಸಂಘದ ವತಿಯಿಂದ ಉಚಿತ, ಬಡಿಸುವ ಕೈಯೂ ನಮ್ಮವೇ. ಕಳೆದೊಂದು ವರ್ಷದಲ್ಲಿ ಇಂಥ ಎರಡು ಮದುವೆ ಆಗಿವೆ. ಒಂದು ನೆಂಟಸ್ತನ ನಾವು ಹೋಗಿ ಕೂತದ್ದಕ್ಕೇ ಮುರಿಯಿತು. ಆ ಹುಡುಗಿಯ ತಾಯಿ ಇನ್ನೂ ನಮ್ಮ ಜೊತೆ ಮಾತು ಬಿಟ್ಟಿದ್ದಾಳೆ. ಹುಡುಗಿ ಮಾತ್ರ ನಮ್ಮಲ್ಲಿ ಚಟ್ನಿ ಪೊಟ್ಟಣ ಕಟ್ಟುತ್ತಿದ್ದಾಳೆ.

ಐದು: ನಮ್ಮ ರೊಟ್ಟಿ ಕೋಣೆಯ ಗೋಡೆಯ ಮೇಲೆ 112 ಮತ್ತು 181 ಎಂಬ ಎರಡು ನಂಬರುಗಳನ್ನು ಸುಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದೇವೆ. ಮೊದಲನೆಯದು ತುರ್ತಿಗೆ, ಎರಡನೆಯದು ಮಹಿಳಾ ಸಹಾಯವಾಣಿ. ಕೋಣೆಯ ಬೀಗದ ಕೈ ಒಂದು ಯಾವಾಗಲೂ ಪಕ್ಕದ ಮನೆಯಲ್ಲಿರುತ್ತದೆ. ರಾತ್ರಿ ಹೊತ್ತು ಹೊರಗೆ ಹಾಕಿಸಿಕೊಂಡವಳು ಬಂದು ಮಲಗಲು ಒಂದು ಚಾಪೆ, ಒಂದು ಕೌದಿ ಅಲ್ಲಿವೆ. ಇದುವರೆಗೆ ನಾಲ್ಕು ಜನ ಮಲಗಿ ಎದ್ದಿದ್ದಾರೆ.

ಸರಕಾರದಿಂದ ಬರುವುದನ್ನೂ ಬಿಡಬೇಡಿರಿ. ಸಂಜೀವಿನಿ ಒಕ್ಕೂಟದಲ್ಲಿ ವಿಚಾರಿಸಿರಿ. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ರೊಟ್ಟಿ, ಹಪ್ಪಳ, ಚಟ್ನಿ ಮಾಡುವ ಸಂಘದ ಸದಸ್ಯೆಯರಿಗೆ ತಲಾ 40 ಸಾವಿರದವರೆಗೆ ಬೀಜಧನಕ್ಕೆ ಅವಕಾಶ ಇಟ್ಟಿದ್ದರು. ಆಹಾರ ಮಾರುವವರು ನೋಂದಣಿ ಮಾಡಿಸಿಕೊಳ್ಳಿರಿ. ನೋಂದಣಿ ಇದ್ದರೆ ಹಾಸ್ಟೆಲು, ದೊಡ್ಡ ಅಂಗಡಿಗಳಿಗೆ ಮಾಲು ಕೊಡಬಹುದು, ಮಧ್ಯದ ವ್ಯಾಪಾರಿಯ ಹಂಗಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮವರು ಬುಟ್ಟಿ ಹಿಡಿದು ತಾವೇ ವಿಜಯಪುರಕ್ಕೆ ಹೋಗಿ ಮಾರಿ ಬರುತ್ತಿದ್ದಾರೆ. ಆದರೆ ಯಾವ ಯೋಜನೆಯ ಹಣ ಬಂದರೂ ಅದು ಯಾರ ಕೈಯಲ್ಲಿ ನಿಂತಿತು ಎಂದು ಕೇಳುವವರು ನಾವೇ ಆಗಬೇಕು.

ಇನ್ನು ನನ್ನ ಮಾತು ಮುಗಿಸುತ್ತೇನೆ. ಗೋವಾಕ್ಕೆ ಹೋದ ಆ ತಂಗಿ 2021ರಲ್ಲಿ ವಾಪಸು ಬಂದಳು. ಈಗ ನನ್ನ ಪಕ್ಕದ ಒಲೆಯ ಮುಂದೆಯೇ ಕೂಡುತ್ತಾಳೆ. ನಾನು ಅವಳಿಗೆ ಕ್ಷಮೆ ಕೇಳಿದ್ದೇನೆ. ಅವಳು ‘ಇರಲಿ ಬಿಡಕ್ಕ’ ಎಂದಿಲ್ಲ. ‘ನಿನ್ನ ಸಣ್ಣ ಮಗಳ ಮದುವಿ ಹೆಂಗ ಮಾಡ್ತಿ, ನೋಡ್ತೀನಿ’ ಎಂದಿದ್ದಾಳೆ. ನ್ಯಾಯವಾದ ಮಾತು. ನನ್ನ ಕಿರಿಮಗಳಿಗೆ ಈಗ ಇಪ್ಪತ್ತೆರಡು. ಈ ವರ್ಷವೋ ಬರುವ ವರ್ಷವೋ ಯಾರಾದರೂ ಬಂದು ನಮ್ಮ ಪಡಸಾಲೆಯಲ್ಲಿ ಕೂಡುತ್ತಾರೆ, ‘ನಾವು ಏನೂ ಕೇಳೂದಿಲ್ರೀ’ ಎಂದೇ ಮಾತು ತೆಗೆಯುತ್ತಾರೆ. ಆ ದಿನ ನನಗೆ ಧೈರ್ಯ ಸಾಲದೆ ಹೋಗಬಹುದು. ಅದಕ್ಕೇ ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ: ಆ ದಿನ ಆ ತಂಗಿಯನ್ನು ಕರೆದು ನನ್ನ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತೇನೆ. ನೀವೂ ಬನ್ನಿರಿ.

ಊರಿನ ಹಣ ಊರಲ್ಲಿ ತಿರುಗಲಿ, ನಮ್ಮ ಹೆಣ್ಣುಮಕ್ಕಳು ನಮ್ಮ ಕಣ್ಣ ಮುಂದೆ ಬದುಕಲಿ.